ಗಂಗವ್ವನ ಹೆಸರು ತಿದ್ದಿದವರಿಗೆ ಪದಕವಿಲ್ಲ

ಬೆಳಗಾವಿ ಕಡೆಯ ಸಿಪಾಯಿಯೊಬ್ಬ ಮದುವೆಯಾದ ಎಂದಿಟ್ಟುಕೊಳ್ಳಿ. ಹೆಂಡತಿಯ ಹೆಸರು ಗಂಗವ್ವ. ಅವನ ಘಟಕ ಆಗ ಅಸ್ಸಾಮಿನಲ್ಲೋ ರಾಜಸ್ಥಾನದಲ್ಲೋ ಇದೆ. ಮದುವೆ, ಮಕ್ಕಳು, ಬಡ್ತಿ, ರಜೆ ಇವೆಲ್ಲ ಘಟಕದ 'ಪಾರ್ಟ್ ಟು ಆರ್ಡರ್' ಎಂಬ ಕಾಗದದಲ್ಲಿ ದಾಖಲಾಗಬೇಕು. ಬರೆಯುವ ಗುಮಾಸ್ತನಿಗೆ ಕನ್ನಡ ಬಾರದು. ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ 'ಗಂಗಾವಾ' ಎಂದು ಬರೆದ. ಆ ಕಾಗದ ರೆಕಾರ್ಡ್ ಆಫೀಸಿಗೂ ಸಂಬಳ ಲೆಕ್ಕದ ಕಚೇರಿಗೂ ಹೋಯಿತು. ಮುಂದೆ ಪಿಂಚಣಿ ಆದೇಶದಲ್ಲೂ ಅದೇ ಹೆಸರು ಅಚ್ಚಾಯಿತು. ಗಂಡ ಬದುಕಿರುವಷ್ಟು ದಿನ ಯಾರಿಗೂ ತೊಂದರೆಯಾಗಲಿಲ್ಲ. ಅವನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಗೊತ್ತಾಯಿತು, ಆಧಾರ್ ಕಾರ್ಡಿನ ಗಂಗವ್ವನೂ ಸರ್ಕಾರಿ ಕಡತದ ಗಂಗಾವಾಳೂ ಬೇರೆ ಬೇರೆ ಹೆಂಗಸರು ಎಂದು.

ಈ ಗಂಗವ್ವ ನನ್ನ ಕಲ್ಪನೆ. ಆದರೆ ಮನೆಯಲ್ಲೊಬ್ಬರು ಸೇನೆಯಲ್ಲಿದ್ದವರು ಈ ಕಥೆಗೆ ಬೇರೆ ಹೆಸರು ಹಾಕಿಕೊಂಡು ಓದುತ್ತಾರೆ ಎಂಬುದು ನನಗೆ ಗೊತ್ತು. ಅಫಿಡವಿಟ್ಟು, ಬ್ಯಾಂಕಿನ ಸಾಲು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಬೆಂಚು. ತಿಂಗಳುಗಳಾದ ಮೇಲೆ ಎಲ್ಲೋ ಒಬ್ಬ ಲೆಕ್ಕದ ನೌಕರ ಹಳೆಯ ಕಡತ ತೆಗೆಸಿ, ಮೂಲ ಕಾಗದ ಹುಡುಕಿ, ಇಬ್ಬರೂ ಒಬ್ಬಳೇ ಎಂದು ಟಿಪ್ಪಣಿ ಬರೆದು, ಕೆಳಗೆ ಸಹಿ ಹಾಕುತ್ತಾನೆ. ಮುಂದಿನ ತಿಂಗಳು ಗಂಗವ್ವನ ಖಾತೆಗೆ ಹಣ ಬೀಳುತ್ತದೆ. ಆ ನೌಕರನ ಹೆಸರು ಅವಳಿಗೆ ಗೊತ್ತಿಲ್ಲ, ಅವನ ಮೇಲಧಿಕಾರಿಗೂ ನೆನಪಿರುವುದಿಲ್ಲ.

ನನ್ನ ತಕರಾರು ಇಲ್ಲಿಂದ ಶುರು. ಸರ್ಕಾರದ ಹಣ ನೋಡಿಕೊಳ್ಳುವವರಿಗೆ ನಾವು ಪ್ರಶಸ್ತಿ ಕೊಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೊಡುತ್ತೇವೆ. ತಪ್ಪು ಕೆಲಸಕ್ಕೆ ಕೊಡುತ್ತೇವೆ.

ತನ್ನ ಹುಟ್ಟನ್ನು 1747ರಷ್ಟು ಹಿಂದಕ್ಕೆ ಗುರುತಿಸುವ ರಕ್ಷಣಾ ಲೆಕ್ಕಪತ್ರ ಇಲಾಖೆ ಪ್ರತಿ ವರ್ಷ ಅಕ್ಟೋಬರ್ 1ರಂದು ವಾರ್ಷಿಕ ದಿನ ಆಚರಿಸುತ್ತದೆ. ರಕ್ಷಣಾ ಸಚಿವರ ಹೆಸರಿನ ಶ್ರೇಷ್ಠತಾ ಪ್ರಶಸ್ತಿಗಳೂ ಇವೆ. ನಾಗರಿಕ ಆಡಳಿತಕ್ಕೆ 2006ರಿಂದ ಪ್ರಧಾನಮಂತ್ರಿಗಳ ಪ್ರಶಸ್ತಿ ಇದೆ. ಏಪ್ರಿಲ್ 21ರ ನಾಗರಿಕ ಸೇವಾ ದಿನದಂದು ಕೊಡುತ್ತಾರೆ. ಇದೆಲ್ಲ ಒಳ್ಳೆಯದೇ. ಆದರೆ ಇಂಥ ವೇದಿಕೆಗಳಿಗೆ ಸುಲಭವಾಗಿ ಹತ್ತುವುದು ಹೊಸ ತಂತ್ರಾಂಶ, ಹೊಸ ಯೋಜನೆ, ಅದರ ಮುಂದಾಳು. ಇಲ್ಲವಾದರೆ 'ಅನುದಾನದ ಸಂಪೂರ್ಣ ಬಳಕೆ', 'ಇಷ್ಟು ಕೋಟಿ ಉಳಿತಾಯ' ಎಂಬಂಥ ದೊಡ್ಡ ಅಂಕಿಗಳು. ಹಳೆಯ ಯಂತ್ರ ತಪ್ಪಿಲ್ಲದೆ ಓಡುವಂತೆ ನೋಡಿಕೊಂಡವರಿಗೆ ಅಲ್ಲಿ ಜಾಗವಿಲ್ಲ, ಏಕೆಂದರೆ ಫೋಟೋ ತೆಗೆಯಲು ಅಲ್ಲಿ ಏನೂ ಇಲ್ಲ.

ದೊಡ್ಡ ಅಂಕಿಗಳ ಹಣೆಬರಹ ನೋಡೋಣ. 2024-25ರಲ್ಲಿ ರಕ್ಷಣಾ ಸಚಿವಾಲಯ ತನ್ನ ಬಂಡವಾಳ ವೆಚ್ಚದ ಅನುದಾನವನ್ನು ಪೂರ್ತಿ ಬಳಸಿದೆ ಎಂದು ಪ್ರಕಟಣೆ ಬಂತು. ಪೂರ್ತಿ ಎಂದರೆ ಸುಮಾರು 1.6 ಲಕ್ಷ ಕೋಟಿ ರೂಪಾಯಿ. ಆದರೆ ಅದೇ ವರ್ಷದ ಬಜೆಟ್ಟಿನಲ್ಲಿ ಮೊದಲು ಗೊತ್ತುಮಾಡಿದ್ದು ಸುಮಾರು 1.72 ಲಕ್ಷ ಕೋಟಿ. ವರ್ಷದ ನಡುವೆ ಪರಿಷ್ಕೃತ ಅಂದಾಜಿನಲ್ಲಿ ಗುರಿಯನ್ನೇ ಕೆಳಗಿಳಿಸಿ, ಇಳಿಸಿದ ಗುರಿಯನ್ನು ಮುಟ್ಟಿದೆವು ಎಂದರೆ ಅದು ಸುಳ್ಳಲ್ಲ. ಆದರೆ ಅದು ಚಪ್ಪಾಳೆಗೆ ತಕ್ಕ ಸಾಧನೆಯೇ? ಹಿಂದಿನ ವರ್ಷಗಳಿಗಿಂತ ಇದು ಮೇಲು ಎಂದು ಒಪ್ಪಿಕೊಳ್ಳುವೆ. ಆದರೂ ಹಣ ಎಷ್ಟು ಖರ್ಚಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಮಾತ್ರಕ್ಕೆ ಹಣಕಾಸು ನಿರ್ವಹಣೆ ಹೇಗಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ.

'ಸಂಪೂರ್ಣ ಬಳಕೆ'ಯನ್ನು ಪೂಜಿಸಿದರೆ ಏನಾಗುತ್ತದೆ ಎಂಬುದು ಪ್ರತಿ ಮಾರ್ಚ್ ತಿಂಗಳಲ್ಲಿ ಎಲ್ಲ ಕಚೇರಿಗಳಲ್ಲೂ ಕಾಣುತ್ತದೆ. ಹನ್ನೊಂದು ತಿಂಗಳು ಮಲಗಿದ್ದ ಕಡತಗಳಿಗೆ ಹನ್ನೆರಡನೆಯ ತಿಂಗಳಲ್ಲಿ ಕಾಲು ಬರುತ್ತವೆ. ಬೇಕಿಲ್ಲದ ಕುರ್ಚಿ, ಮೇಜು, ಪ್ರಿಂಟರು ಬಂದಿಳಿಯುತ್ತವೆ. 31ರ ರಾತ್ರಿಯೊಳಗೆ ಖರ್ಚಾಗದಿದ್ದರೆ ಹಣ 'ಲ್ಯಾಪ್ಸ್' ಆಗುತ್ತದೆ, ಮುಂದಿನ ವರ್ಷ ಕಡಿಮೆ ಸಿಗುತ್ತದೆ ಎಂಬ ಭಯ. ಇದು ತಪ್ಪು ಎಂದು ನಾನು ಹೇಳಬೇಕಾಗಿಲ್ಲ, ಸರ್ಕಾರವೇ ಹೇಳಿದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ 62ನೆಯ ನಿಯಮ ವರ್ಷದ ಕೊನೆಯ ತಿಂಗಳುಗಳ ಖರ್ಚಿನ ನೂಕುನುಗ್ಗಲನ್ನು ಆರ್ಥಿಕ ಔಚಿತ್ಯದ ಉಲ್ಲಂಘನೆ ಎಂದೇ ಪರಿಗಣಿಸುತ್ತದೆ. ಕೊನೆಯ ತ್ರೈಮಾಸಿಕದಲ್ಲಿ ಶೇ 33, ಮಾರ್ಚ್ ಒಂದರಲ್ಲೇ ಶೇ 15 ಎಂಬ ಮಿತಿಯನ್ನು ಹಣಕಾಸು ಸಚಿವಾಲಯ ಹಾಕಿದೆ. ನಿಯಮ ಒಂದು ಕಡೆ ಎಳೆಯುತ್ತದೆ, ಹೊಗಳಿಕೆ ಇನ್ನೊಂದು ಕಡೆ. ಹೊಗಳಿಕೆಯೇ ಗೆಲ್ಲುತ್ತದೆ. ಯಾವ ಕಚೇರಿಯಲ್ಲಿ ನೋಡಿದರೂ ನಿಯಮಕ್ಕಿಂತ ಸಾಹೇಬರ ಮೆಚ್ಚುಗೆಗೆ ಬೆಲೆ ಹೆಚ್ಚು.

ಹಾಗಾದರೆ ನಿಜವಾದ ಕೆಲಸ ಯಾವುದು? 2025-26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ. ಅದರಲ್ಲಿ ಪಿಂಚಣಿಯೇ ಸುಮಾರು 1.6 ಲಕ್ಷ ಕೋಟಿ, ಪಡೆಯುವವರು ಸುಮಾರು 34 ಲಕ್ಷ ಮಂದಿ. ಈ 34 ಲಕ್ಷದಲ್ಲಿ ಶೇ 99 ಮಂದಿಗೆ ಹಣ ಸರಿಯಾಗಿ ತಲುಪಿತು ಎಂದುಕೊಳ್ಳಿ. ವರದಿಯಲ್ಲಿ ಅದು ಅಮೋಘ ಸಾಧನೆ. ಉಳಿದ ಶೇ 1 ಎಂದರೆ 34 ಸಾವಿರ ಮನೆಗಳು. ಒಂದು ಸಣ್ಣ ಪಟ್ಟಣದಷ್ಟು ಜನ ಒಲೆಯ ಮುಂದೆ ಲೆಕ್ಕ ಹಾಕುತ್ತ ಕೂತಿದ್ದಾರೆ. ಹಣಕಾಸು ನಿರ್ವಹಣೆಯ ಶ್ರೇಷ್ಠತೆ ತೀರ್ಮಾನವಾಗಬೇಕಾದದ್ದು ಈ ಒಂದು ಪರ್ಸೆಂಟಿನಲ್ಲಿ.

ಇದು ಬರೀ ಊಹೆಯಲ್ಲ. ರಕ್ಷಣಾ ಪಿಂಚಣಿಗಳನ್ನು ಬ್ಯಾಂಕುಗಳಿಂದ 'ಸ್ಪರ್ಶ್' ಎಂಬ ಒಂದೇ ವ್ಯವಸ್ಥೆಗೆ ತರುವ ಕೆಲಸ ನಡೆಯುತ್ತಿದ್ದಾಗ, 2022ರ ಏಪ್ರಿಲ್ ತಿಂಗಳ ಪಿಂಚಣಿ ಸುಮಾರು 58 ಸಾವಿರ ಮಂದಿಗೆ ಸಮಯಕ್ಕೆ ಬರಲಿಲ್ಲ. ಅವರು ಬದುಕಿದ್ದಾರೆ ಎಂಬ ವಾರ್ಷಿಕ ದೃಢೀಕರಣ ಕಡತ ಸೇರಿರಲಿಲ್ಲ. ದೇಶದಲ್ಲಿ ಗದ್ದಲವೆದ್ದಿತು. ಮೇ ಮೊದಲ ವಾರದಲ್ಲೇ ಒಂದು ಬಾರಿಯ ವಿನಾಯಿತಿ ಕೊಟ್ಟು ಹಣ ಹಾಕಲಾಯಿತು. ಸ್ಪರ್ಶ್ ಒಳ್ಳೆಯ ಯೋಜನೆ. ಒಬ್ಬ ಪಿಂಚಣಿದಾರ ತನ್ನ ಲೆಕ್ಕವನ್ನು ತಾನೇ ನೋಡಬಹುದಾದ ಸ್ಥಿತಿ ಹಿಂದೆ ಇರಲಿಲ್ಲ. ಆದರೆ ಅಂಥ ಯೋಜನೆಯಲ್ಲಿ ಶ್ರೇಷ್ಠ ಕೆಲಸ ಯಾವುದು? ಲಕ್ಷಗಟ್ಟಲೆ ಖಾತೆಗಳನ್ನು ಒಂದು ಗುಂಡಿ ಒತ್ತಿ ವರ್ಗಾಯಿಸಿದ್ದೋ, ಅಥವಾ 'ಈ ತಿಂಗಳು ಇಷ್ಟು ಜನಕ್ಕೆ ಹಣ ಹೋಗುವುದಿಲ್ಲ, ತಡೆಯಿರಿ' ಎಂದು ಮುಂಚೆಯೇ ಎಚ್ಚರಿಸುವುದೋ? ಎರಡನೆಯದನ್ನು ಮಾಡಿದವನು ಗೆದ್ದರೆ ಏನೂ ಆಗುವುದಿಲ್ಲ. ಏನೂ ಆಗದೇ ಇರುವುದೇ ಅವನ ಗೆಲುವು. ನಮ್ಮ ಪ್ರಶಸ್ತಿ ಪಟ್ಟಿಗಳಿಗೆ 'ಏನೂ ಆಗಲಿಲ್ಲ' ಎಂಬುದನ್ನು ಅಳೆಯಲು ಬರುವುದಿಲ್ಲ.

ಇನ್ನೊಂದು ಶ್ರೇಷ್ಠತೆ ಇದೆ, ಅದನ್ನಂತೂ ನಾವು ಶಿಕ್ಷಿಸುತ್ತೇವೆ. ಅದು ಸಹಿ ಹಾಕುವ ಧೈರ್ಯ. ಕಾರ್ಗಿಲ್ ಯುದ್ಧ ನಡೆದದ್ದು 1999ರಲ್ಲಿ. ಆಗ ಕೊಂಡ ಅಲ್ಯೂಮಿನಿಯಂ ಶವಪೆಟ್ಟಿಗೆಗಳ ಬಗ್ಗೆ ಸಿಎಜಿ ವರದಿ 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. ದೇಶವೇ ಕೂಗಾಡಿತು. 2009ರಲ್ಲಿ ಮೂವರು ಸೇನಾಧಿಕಾರಿಗಳ ಮೇಲೆ ಸಿಬಿಐ ಆರೋಪಪಟ್ಟಿ ಹಾಕಿತು. 2013ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಅವರನ್ನು ಬಿಡುಗಡೆ ಮಾಡಿತು. ಸಿಎಜಿ ಪ್ರಶ್ನೆ ಕೇಳಬಾರದಿತ್ತು ಎಂದು ನಾನು ಹೇಳುವುದಿಲ್ಲ, ಕೇಳುವುದೇ ಅದರ ಕೆಲಸ. ಆದರೆ ಆರೋಪ ಮುಖಪುಟದಲ್ಲಿ ಬಂತು, ಬಿಡುಗಡೆಯ ಸುದ್ದಿ ಎಷ್ಟು ಜನಕ್ಕೆ ತಲುಪಿತು? ಆ ಖರೀದಿಯ ಲೆಕ್ಕ ಚುಕ್ತಾ ಆಗಲು 14 ವರ್ಷ ಬೇಕಾಯಿತು. ಇದರಿಂದ ಕಚೇರಿಗಳು ಕಲಿತ ಪಾಠ 'ಎಚ್ಚರದಿಂದ ಕೊಳ್ಳು' ಎಂಬುದಲ್ಲ, 'ಸಹಿ ಹಾಕಬೇಡ' ಎಂಬುದು. ಕಡತದ ಮೇಲೆ 'ಚರ್ಚಿಸಿ', 'ಮತ್ತೊಮ್ಮೆ ಪರಿಶೀಲಿಸಿ', 'ಹಿಂದಿನ ನಿದರ್ಶನ ಲಗತ್ತಿಸಿ' ಎಂದು ಬರೆದು ಮುಂದಿನ ಮೇಜಿಗೆ ದಾಟಿಸಿದವನು ಸುಖವಾಗಿ ನಿವೃತ್ತನಾಗುತ್ತಾನೆ. ಗಡಿಯಲ್ಲಿರುವವನಿಗೆ ಬೂಟು ತಡವಾಗಿ ಬರುತ್ತದೆ. ಆ ತಡಕ್ಕೆ ಯಾರ ಮೇಲೂ ಆರೋಪಪಟ್ಟಿ ಇಲ್ಲ.

'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆಯನ್ನು ನಾವು ಲೆಕ್ಕದ ಕಚೇರಿಗೆ ಅಂಟಿಸಿಬಿಟ್ಟಿದ್ದೇವೆ. ಸಿಪಾಯಿಯಿಂದ ಹಿಡಿದು ಜನರಲ್‌ವರೆಗೆ ಎಲ್ಲರಿಗೂ ಹಣಕಾಸು ಸಲಹೆಗಾರ ಎಂದರೆ ಅಡ್ಡಗೋಡೆ. ಅವನು ಒಂದು ಖರೀದಿಗೆ ಕೊಕ್ಕೆ ಹಾಕಿದರೆ ದೇಶದ್ರೋಹಿ, ಹಾಕದೆ ಬಿಟ್ಟು ಮುಂದೆ ಹಗರಣವಾದರೆ ಶಾಮೀಲಾದವನು. ಹಾಗಾದರೆ ಅವನು ಯಾವಾಗ ಒಳ್ಳೆಯವನು? ಹತ್ತು ದಿನದೊಳಗೆ ಕಾರಣ ಬರೆದು 'ಆಗಲಿ' ಎಂದವನೂ ಒಳ್ಳೆಯವನೇ, ಹತ್ತು ದಿನದೊಳಗೆ ಕಾರಣ ಬರೆದು 'ಬೇಡ' ಎಂದವನೂ ಒಳ್ಳೆಯವನೇ. ಕೆಟ್ಟವನು ಹತ್ತು ತಿಂಗಳು ಏನೂ ಹೇಳದೆ ಕೂತವನು. ಈ ಸರಳ ವ್ಯತ್ಯಾಸ ನಮ್ಮ ಯಾವ ಸನ್ಮಾನಪತ್ರದಲ್ಲೂ ನನಗೆ ಕಂಡಿಲ್ಲ.

ಬರೀ ಪ್ರಶಸ್ತಿ ಕೊಟ್ಟರೆ ಲೆಕ್ಕ ಸರಿಹೋಗುವುದಿಲ್ಲ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. ಅಲ್ಲಿನ ರಕ್ಷಣಾ ಇಲಾಖೆಯಲ್ಲಿ ಹಣಕಾಸು ನಿರ್ವಹಣೆಗೆಂದೇ ಪ್ರಶಸ್ತಿಗಳಿವೆ, ಸೈನಿಕರಿಗೂ ನಾಗರಿಕ ನೌಕರರಿಗೂ ಕೊಡುತ್ತಾರೆ. ಅದೇ ಇಲಾಖೆ 2018ರಲ್ಲಿ ಮೊದಲ ಪೂರ್ಣ ಲೆಕ್ಕಪರಿಶೋಧನೆಗೆ ಒಳಗಾಯಿತು. ಅಂದಿನಿಂದ 2024ರವರೆಗೆ ಏಳು ವರ್ಷವೂ ಫೇಲು. ಆದರೆ ಅದರೊಳಗಿನ ಮೆರೀನ್ ಕೋರ್ 2024ರ ಫೆಬ್ರವರಿಯಲ್ಲಿ ಪಾಸಾಯಿತು, ಅಮೆರಿಕದ ಸೇನಾಪಡೆಗಳಲ್ಲೇ ಮೊದಲನೆಯದಾಗಿ. ಎರಡು ವರ್ಷಗಳ ಪರಿಶೋಧನೆ, ಗೋದಾಮುಗಳಲ್ಲಿ ಮದ್ದುಗುಂಡು, ಬಿಡಿಭಾಗಗಳನ್ನು ಎಣಿಸಿ ಪುಸ್ತಕಕ್ಕೆ ತಾಳೆ ನೋಡುವ ಕೆಲಸ. ಪದಕ ಯಾರಿಗೆ ಸಲ್ಲಬೇಕು ಎಂದು ಕೇಳಿದರೆ ನಾನು ಆ ಗೋದಾಮಿನ ಎಣಿಕೆಯವರನ್ನು ತೋರಿಸುತ್ತೇನೆ.

'ಕೆಲಸ ಮಾಡಿದ್ದಕ್ಕೆ ಸಂಬಳ ಸಿಗುತ್ತದಲ್ಲ, ಇದಕ್ಕೆಲ್ಲ ಪದಕ ಯಾಕೆ?' ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅದೇ ಮಾತು ಯೋಜನೆಯ ಮುಂದಾಳಿಗೂ ಅನ್ವಯಿಸಬೇಕಲ್ಲ? ಸಂಬಳ ಸಾಕು ಎನ್ನುವುದಾದರೆ ಎಲ್ಲರ ಪದಕವನ್ನೂ ನಿಲ್ಲಿಸಿ. ಕೊಡುವುದೇ ಆದರೆ ಪ್ರಶಸ್ತಿ ಒಂದು ಸಂಕೇತ ಎಂಬುದು ನೆನಪಿರಲಿ. ಕಚೇರಿಗೆ ನಿನ್ನೆ ಸೇರಿದ ಹುಡುಗಿ ವೇದಿಕೆಯತ್ತ ನೋಡಿ 'ಇಲ್ಲಿ ಯಾವುದಕ್ಕೆ ಬೆಲೆ' ಎಂದು ಕಲಿಯುತ್ತಾಳೆ. ಸೇನೆ ಇದನ್ನು ಚೆನ್ನಾಗಿ ಬಲ್ಲದು. ಯುದ್ಧಭೂಮಿಯ ಶೌರ್ಯಕ್ಕೆ ಬೇರೆ ಪದಕ, ವಿಶಿಷ್ಟ ಸೇವೆಗೆ ಬೇರೆ ಪದಕ ಎಂದು ಅದು ವಿಂಗಡಿಸಿದೆ. ಲೆಕ್ಕದ ಕೆಲಸಕ್ಕೂ ಅಂಥ ವಿವೇಕ ಬೇಕು.

ಹಾಗಾಗಿ ನನ್ನ ಬೇಡಿಕೆಗಳು ನಾಲ್ಕು.

ಮೊದಲನೆಯದು, ಹೊಸ ಯೋಜನೆಗೆ ಉದ್ಘಾಟನೆಯ ವರ್ಷವೇ ಪ್ರಶಸ್ತಿ ಕೊಡಬೇಡಿ. ಮೂರು ವರ್ಷ ಕಾಯಿರಿ, ಒಂದು ಲೆಕ್ಕಪರಿಶೋಧನೆ ಆಗಲಿ. ಮದುವೆಯ ದಿನ ಊಟ ಚೆನ್ನಾಗಿತ್ತು ಎಂದಮಾತ್ರಕ್ಕೆ ಸಂಸಾರ ಚೆನ್ನಾಗಿ ನಡೆಯುತ್ತದೆ ಎಂದು ಹೇಳಲಾಗದು.

ಎರಡನೆಯದು, ತಲುಪಿದವರ ಎಣಿಕೆ ಬಿಟ್ಟು ತಲುಪದವರನ್ನು ಎಣಿಸಿ. ಹಕ್ಕು ಹುಟ್ಟಿದ ದಿನದಿಂದ ಹಣ ಕೈಸೇರಿದ ದಿನದವರೆಗೆ ಎಷ್ಟು ದಿನ, ಅತಿ ಹೆಚ್ಚು ಕಾದವರು ಎಷ್ಟು ಕಾದರು, ಅದನ್ನು ಅಳೆಯಿರಿ. ಹೆಸರು ಸೂಚಿಸುವ ಅಧಿಕಾರ ಮೇಲಧಿಕಾರಿಯೊಬ್ಬರಿಗೇ ಬೇಡ. ಮಾಜಿ ಸೈನಿಕರ ಸಂಘಗಳಿಗೂ ಜಿಲ್ಲಾ ಸೈನಿಕ ಕಚೇರಿಗಳಿಗೂ ಕೊಡಿ.

ಮೂರನೆಯದು, ಕಾರಣ ಸಮೇತ ಸಮಯಕ್ಕೆ ಸಹಿ ಹಾಕಿದವರನ್ನು ಗುರುತಿಸಿ. ಅವರ 'ಬೇಡ'ವನ್ನೂ 'ಆಗಲಿ'ಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ತನ್ನ ವಿಭಾಗದ ತಪ್ಪನ್ನು ತಾನೇ ಹಿಡಿದು, ಬರೆದು ಒಪ್ಪಿಕೊಂಡು, ತಿದ್ದಿದವರಿಗೆ ಪ್ರಶಸ್ತಿ ಕೊಡಿ. ಇವತ್ತು ಅಂಥವರಿಗೆ ಸಿಗುವುದು 'ವಿವರಣೆ ಕೊಡಿ' ಎಂಬ ಮೆಮೋ. ಅದಕ್ಕೇ ತಪ್ಪುಗಳು ಕಡತದೊಳಗೆ ಹತ್ತು ವರ್ಷ ಮಲಗುತ್ತವೆ. ಆಮೇಲೆ ಒಂದು ದಿನ ನಿವೃತ್ತನೊಬ್ಬನ ಮನೆಗೆ, ನಿಮಗೆ ಹೆಚ್ಚು ಹಣ ಹೋಗಿದೆ, ವಾಪಸು ಕಟ್ಟಿ ಎಂದು ಕಾಗದ ಹೋಗುತ್ತದೆ. ಈ ಕ್ರೌರ್ಯ ಎಷ್ಟು ಬೆಳೆಯಿತೆಂದರೆ 2014ರ ಡಿಸೆಂಬರ್‌ನಲ್ಲಿ ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಗೆರೆ ಎಳೆಯಬೇಕಾಯಿತು. ನಿವೃತ್ತರಿಂದ, ಕೆಳದರ್ಜೆಯ ನೌಕರರಿಂದ, ಐದು ವರ್ಷ ಮೀರಿ ಹೋದ ಹೆಚ್ಚುವರಿ ಹಣವನ್ನು ಹೀಗೆ ವಸೂಲು ಮಾಡಕೂಡದೆಂದು ಅದು ಹೇಳಿತು. ಮೊದಲ ತಿಂಗಳಲ್ಲೇ 'ನಮ್ಮಿಂದ ತಪ್ಪಾಗಿದೆ' ಎನ್ನುವ ಒಬ್ಬ ಗುಮಾಸ್ತ ಇದ್ದಿದ್ದರೆ ಸರ್ಕಾರದ ಹಣವೂ ಉಳಿಯುತ್ತಿತ್ತು, ಮುದುಕನ ನಿದ್ದೆಯೂ ಉಳಿಯುತ್ತಿತ್ತು.

ಇದನ್ನು ಓದುತ್ತಿರುವವರಲ್ಲಿ ಪುಣೆಯಲ್ಲೋ ದೆಹಲಿಯಲ್ಲೋ ಚೆನ್ನೈ, ಸಿಕಂದರಾಬಾದಿನಲ್ಲೋ ಇಂಥ ಲೆಕ್ಕದ ಕಚೇರಿಯಲ್ಲಿ ಕೂತಿರುವ ಕನ್ನಡಿಗರು ಇರಬಹುದು. ಊರಿಗೆ ಹೋದಾಗ 'ನೀನೇನು ಮಾಡ್ತೀಯಪ್ಪ ಅಲ್ಲಿ?' ಎಂದು ಕೇಳಿದರೆ ಏನು ಹೇಳುವುದೆಂದು ತಿಳಿಯದೆ 'ಸೆಂಟ್ರಲ್ ಗವರ್ನಮೆಂಟು' ಎಂದು ಸುಮ್ಮನಾಗುವವರು. ಅವರ ಮೇಜಿಗೆ ಒಂದು ದಿನ 'ಗಂಗಾವಾ' ಎಂಬ ಕಡತ ಬಂದರೆ, ಅದು ಗಂಗವ್ವ ಎಂದು ಹೊಳೆಯುವುದು ಅವರಿಗೆ ಮಾತ್ರ. ಪಕ್ಕದ ಮೇಜಿನ ಮರಾಠಿಗನಿಗೋ ಬಿಹಾರಿಗೋ ಅವರವರ ಊರಿನ ಗಂಗವ್ವಂದಿರು ಹೊಳೆಯುತ್ತಾರೆ. ಆ ಕಡತವನ್ನು ಸಂಜೆಗೆ ಮುಂಚೆ ಮುಗಿಸುವುದೋ, 'ಚರ್ಚಿಸಿ' ಎಂದು ಬರೆದು ದಾಟಿಸುವುದೋ ಎಂಬ ಆಯ್ಕೆ ಅವರದು. ಮುಗಿಸಿದವರ ಹೆಸರು ಮುಂದಿನ ಅಕ್ಟೋಬರ್ 1ರಂದು ವೇದಿಕೆಯಲ್ಲಿ ಕೂಗುವ ಹೊಣೆ ಸರ್ಕಾರದ್ದು.