ಲಿಂಕ್ ಕಳುಹಿಸುವ ಮುನ್ನ

ಕಾಸರಗೋಡಿನ ಹಳೆಯ ಮನೆಗಳಲ್ಲಿ ಭೂಮಿಯ ಕಾಗದಪತ್ರಗಳು ಮರದ ಪೆಟ್ಟಿಗೆಯೊಳಗಿರುತ್ತಿದ್ದವು. ಅದರ ಕೀಲಿಕೈ ಮನೆಯ ಹಿರಿಯರ ಬಳಿ ಇರುತ್ತಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲು ಈ ನೆಲ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆದ್ದರಿಂದ ಆ ಕಾಲದ ಎಷ್ಟೋ ಮೂಲಗೇಣಿ ಚೀಟುಗಳೂ ಪಾಲುಪತ್ರಗಳೂ ಕನ್ನಡದಲ್ಲಿವೆ. ವ್ಯಾಜ್ಯವು ಎರ್ನಾಕುಳಂನ ಹೈಕೋರ್ಟಿನವರೆಗೆ ಹೋದರೆ ಅವುಗಳ ಭಾಷಾಂತರ ಬೇಕಾಗುತ್ತದೆ. ಇಂದು ಆ ಪತ್ರಗಳು ಸ್ಕ್ಯಾನ್ ಆಗಿ, ಗೂಗಲ್ ಡ್ರೈವ್‌ನಲ್ಲೋ ಒನ್‌ಡ್ರೈವ್‌ನಲ್ಲೋ ಕುಳಿತು, ಒಂದು ಲಿಂಕ್‌ನ ಮೂಲಕ ಭಾಷಾಂತರಕಾರರ ಕೈ ಸೇರುತ್ತವೆ. ಆದರೆ ಈ ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇದೆಯೆಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಒಂದು ಪಾಲು ದಾವೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಕೀಲರ ಗುಮಾಸ್ತರು ದಾವೆಯ ಹೆಸರಿನಲ್ಲಿ ಒಂದು ಫೋಲ್ಡರ್ ತೆರೆದು, ಹಳೆಯ ಪತ್ರಗಳನ್ನೆಲ್ಲ ಅದರಲ್ಲಿರಿಸುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಅನುಮತಿ ಕೊಡುವ ರೇಜಿಗೆ ಬೇಡವೆಂದು 'ಲಿಂಕ್ ಇರುವ ಯಾರಾದರೂ' ಎಂಬ ಆಯ್ಕೆಯನ್ನು ಒತ್ತಿ, ಮಂಗಳೂರಿನ ಭಾಷಾಂತರಕಾರರಿಗೂ ಕಕ್ಷಿದಾರರಿಗೂ ಲಿಂಕ್ ಕಳುಹಿಸುತ್ತಾರೆ. ಕಕ್ಷಿದಾರರು ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ತಿಂಗಳ ನಂತರ ವಕೀಲರು ರಾಜಿಯ ಕರಡನ್ನು ಸಿದ್ಧಪಡಿಸಿ, ತಮ್ಮ ಕಕ್ಷಿದಾರರು ಒಪ್ಪಬಹುದಾದ ಕನಿಷ್ಠ ಮೊತ್ತವನ್ನೂ ಬರೆದು ಅದೇ ಫೋಲ್ಡರಿನಲ್ಲಿ ಇಡುತ್ತಾರೆ. ಅಷ್ಟರೊಳಗೆ ಲಿಂಕ್ ಎದುರು ಪಕ್ಷದ ದಾಯಾದಿಗಳ ಫೋನಿಗೂ ತಲುಪಿದ್ದರೆ? ಯಾರೂ ಬೀಗ ಮುರಿದಿಲ್ಲ, ಪಾಸ್‌ವರ್ಡ್ ಕದ್ದಿಲ್ಲ. ಫೋಲ್ಡರನ್ನು ಹಂಚಿಕೊಂಡರೆ ಮುಂದೆ ಅದರೊಳಗೆ ಸೇರುವ ಕಡತಗಳಿಗೂ ಅದೇ ಅನುಮತಿ ಅನ್ವಯಿಸುತ್ತದೆಂಬುದು ಮರೆತುಹೋಯಿತು, ಅಷ್ಟೆ. ರಾಜಿಯ ಮಾತುಕತೆ ಆರಂಭವಾಗುವ ಮೊದಲೇ ಒಂದು ಪಕ್ಷ ಸೋತಂತಾಯಿತು.

ಆದ್ದರಿಂದ ಮೊದಲ ವಿಚಾರಣೆ 'ಯಾರಿಗೆ' ಎಂಬುದು. ಗೂಗಲ್ ಡ್ರೈವ್‌ನಲ್ಲಿ 'ನಿರ್ಬಂಧಿತ' ಎಂಬ ಆಯ್ಕೆಯನ್ನು ಇಟ್ಟುಕೊಂಡು ಆಯಾ ವ್ಯಕ್ತಿಯ ಇ-ಮೇಲ್ ವಿಳಾಸವನ್ನೇ ಸೇರಿಸಿದರೆ, ಲಿಂಕ್ ಬೇರೆಯವರ ಕೈಗೆ ಹೋದರೂ ಬಾಗಿಲು ತೆರೆಯದು. ಒನ್‌ಡ್ರೈವ್‌ನಲ್ಲಿಯೂ ಲಿಂಕನ್ನು ನಿರ್ದಿಷ್ಟ ವ್ಯಕ್ತಿಗಳಿಗೆ ಸೀಮಿತಗೊಳಿಸುವ ಆಯ್ಕೆಯುಂಟು. ಸಾರ್ವಜನಿಕರಿಗೆ ತಲುಪಬೇಕಾದ ಪ್ರಕಟಣೆ, ಆಮಂತ್ರಣಗಳಿಗೆ ಮಾತ್ರ ಯಾರು ಬೇಕಾದರೂ ತೆರೆಯಬಲ್ಲ ಲಿಂಕ್ ಸಾಕು.

ಎರಡನೆಯದು 'ಎಷ್ಟು' ಎಂಬುದು. ನೋಡುವ, ಟಿಪ್ಪಣಿ ಬರೆಯುವ, ತಿದ್ದುವ ಅಧಿಕಾರಗಳು ಬೇರೆ ಬೇರೆ. ಮೂಲಪತ್ರಗಳನ್ನು ಓದಬೇಕಾದ ಭಾಷಾಂತರಕಾರರಿಗೆ ನೋಡುವ ಅಧಿಕಾರ ಸಾಕು. ಕರಡಿನ ಬಗ್ಗೆ ಅಭಿಪ್ರಾಯ ತಿಳಿಸಬೇಕಾದ ಕಕ್ಷಿದಾರರಿಗೆ ಟಿಪ್ಪಣಿಯ ಅಧಿಕಾರ ಸಾಕು. ತಿದ್ದುವ ಅಧಿಕಾರ ಪಡೆದವರು ಇತರರಿಗೂ ಅನುಮತಿ ನೀಡಬಲ್ಲರು. ಅದನ್ನು ತಡೆಯುವ ಆಯ್ಕೆಯನ್ನು ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತ್ಯೇಕವಾಗಿ ಬದಲಿಸಬೇಕು. ನೋಡುಗರು ಡೌನ್‌ಲೋಡ್ ಮಾಡದಂತೆಯೂ ತಡೆಯಬಹುದು. ಆದರೆ ಪರದೆಯ ಚಿತ್ರ ತೆಗೆಯುವವರನ್ನು ಅದು ತಡೆಯಲಾರದು.

ಮೂರನೆಯದು 'ಎಲ್ಲಿಯವರೆಗೆ' ಎಂಬುದು. ಸಂಸ್ಥೆಗಳಿಗಾಗಿ ಹಣ ತೆತ್ತು ಪಡೆಯುವ ಕೆಲವು ಖಾತೆಗಳಲ್ಲಿ ಅನುಮತಿಗೆ ಕೊನೆಯ ದಿನಾಂಕವನ್ನು ಗೊತ್ತುಪಡಿಸಬಹುದು. ಆ ಸೌಲಭ್ಯವಿಲ್ಲದ ಕಡೆ, ಕೆಲಸ ಮುಗಿದ ದಿನವೇ ಅನುಮತಿಯನ್ನು ಹಿಂತೆಗೆದುಕೊಂಡು, ಹಾಗೆ ಮಾಡಿದ್ದನ್ನು ಡೈರಿಯಲ್ಲಿ ಬರೆದಿಡುವುದು ಒಳ್ಳೆಯ ರೂಢಿ.

ಲಿಂಕ್ ಕಳುಹಿಸುವುದಕ್ಕೂ ಕಡತವನ್ನೇ ಇ-ಮೇಲ್‌ಗೆ ಲಗತ್ತಿಸುವುದಕ್ಕೂ ವ್ಯತ್ಯಾಸವಿದೆ. ಲಗತ್ತಿಸಿದ ಪ್ರತಿ ಕೈಬಿಟ್ಟ ಮೇಲೆ ಹಿಂತಿರುಗದು; ಲಿಂಕ್‌ನ ಅನುಮತಿಯನ್ನು ಹಿಂಪಡೆಯಬಹುದು. ಆದರೆ ಲಿಂಕ್‌ನ ಆಚೆಗಿರುವ ಕಡತ ಬದಲಾದರೆ ಓದುವವರಿಗೂ ಬದಲಾದದ್ದೇ ಕಾಣುತ್ತದೆ. ಆದಕಾರಣ ಇನ್ನೂ ತಿದ್ದುಪಡಿಯಾಗುತ್ತಿರುವ ಕರಡಿಗೆ ಲಿಂಕ್ ಸೂಕ್ತ. ಸಹಿಯಾದ, ಮುಂದೆ ಬದಲಾಗಬಾರದ ಪತ್ರಕ್ಕೆ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಪ್ರತಿ ಸೂಕ್ತ. ಪಾಸ್‌ವರ್ಡನ್ನು ಅದೇ ಇ-ಮೇಲ್‌ನಲ್ಲಿ ಬರೆಯದೆ ಫೋನಿನಲ್ಲಿ ತಿಳಿಸಬೇಕು. ಹೊರಗಿನವರಿಂದ ಕಡತಗಳು ಬರಬೇಕಾದಾಗ ತಮ್ಮ ಫೋಲ್ಡರನ್ನೇ ತೆರೆದಿಡಬೇಕಾಗಿಲ್ಲ. ಡ್ರಾಪ್‌ಬಾಕ್ಸ್‌ನ 'ಫೈಲ್ ರಿಕ್ವೆಸ್ಟ್' ಮೂಲಕ ಅವರು ತಮ್ಮ ಕಡತವನ್ನು ಒಳಗೆ ಹಾಕಬಹುದು, ಅಲ್ಲಿರುವ ಬೇರೆಯವರ ಕಡತಗಳನ್ನು ನೋಡಲಾರರು.

ಇದು ಕೇವಲ ಎಚ್ಚರಿಕೆಯ ಮಾತಲ್ಲ, ಕಾನೂನಿನ ಮಾತೂ ಹೌದು. ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಮಂಜಸವಾದ ಭದ್ರತಾ ಕ್ರಮಗಳನ್ನು ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡವನ್ನು ನಿಗದಿಪಡಿಸಿದೆ. ಕಾನೂನುಬದ್ಧ ಹಕ್ಕನ್ನು ಸಾಧಿಸಲು ದತ್ತಾಂಶವನ್ನು ಬಳಸುವವರಿಗೆ ಈ ಕಾಯಿದೆಯ 17ನೆಯ ಕಲಮು ಅನೇಕ ವಿನಾಯಿತಿಗಳನ್ನು ಕೊಡುತ್ತದೆ. ಆದರೆ ದತ್ತಾಂಶವನ್ನು ಭದ್ರವಾಗಿಡುವ ಹೊಣೆಯಿಂದ ವಿನಾಯಿತಿ ಕೊಟ್ಟಿಲ್ಲ. ವಕೀಲರಿಗಂತೂ ಕಕ್ಷಿದಾರರ ಗುಟ್ಟು ಕಾಯುವ ಹೊಣೆ ಮೊದಲಿನಿಂದಲೂ ಇದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿಯೂ ಅದು ಮುಂದುವರಿದಿದೆ.

ಈ ಮಾತು ವಕೀಲರಿಗೆ ಮಾತ್ರ ಸೀಮಿತವಲ್ಲ. ಸದಸ್ಯರ ಪಟ್ಟಿಯನ್ನು ಲೆಕ್ಕಪರಿಶೋಧಕರಿಗೆ ಕಳುಹಿಸುವ ಸಹಕಾರಿ ಸಂಘ, ಮಕ್ಕಳ ವಿವರಗಳನ್ನು ವಿದ್ಯಾರ್ಥಿವೇತನದ ದಾನಿಗಳಿಗೆ ಕಳುಹಿಸುವ ಕನ್ನಡ ಶಾಲೆ, ಯಕ್ಷಗಾನ ಸಂಘದ ಕಾರ್ಯದರ್ಶಿ, ಎಲ್ಲರೂ ಇದೇ ಹಾದಿಯಲ್ಲಿದ್ದಾರೆ. ಆಧಾರ್ ಪ್ರತಿಯನ್ನು ಕಳುಹಿಸಲೇಬೇಕಾದಲ್ಲಿ, ಕೊನೆಯ 4 ಅಂಕಿಗಳಷ್ಟೇ ಕಾಣುವ ಮುಸುಕಿನ ಪ್ರತಿ ಸಾಕಾಗುವುದೇ ಎಂದು ಮೊದಲು ವಿಚಾರಿಸಬೇಕು.

ಮೇಲಿನ ದಾವೆಯಲ್ಲಿ ಮಾಡಬೇಕಾಗಿದ್ದುದು ಅಲ್ಪ. ಭಾಷಾಂತರಕ್ಕೆ ಬೇಕಾದ ಪತ್ರಗಳಿಗೆ ಒಂದು ಫೋಲ್ಡರ್, ವಕೀಲರ ಕರಡುಗಳಿಗೆ ಇನ್ನೊಂದು. ಮೊದಲನೆಯದು ಹೆಸರಿಸಿದ ವ್ಯಕ್ತಿಗಳಿಗೆ ಮಾತ್ರ, ಎರಡನೆಯದು ಹೊರಗಿನ ಯಾರಿಗೂ ಇಲ್ಲ. ಇಷ್ಟಕ್ಕೆ 10 ನಿಮಿಷ ಸಾಕಿತ್ತು. ಮನೆಯ ಹಿರಿಯರು ಪೆಟ್ಟಿಗೆಯಿಂದ ಬೇಕಾದ ಒಂದು ಪತ್ರವನ್ನಷ್ಟೇ ತೆಗೆದುಕೊಟ್ಟು, ಮತ್ತೆ ಬೀಗ ಹಾಕಿ, ಅದು ಹಿಂದೆ ಬಂದಿತೇ ಎಂದು ವಿಚಾರಿಸುತ್ತಿದ್ದರು. ಪೆಟ್ಟಿಗೆ ಬದಲಾದರೂ ಆ ಕ್ರಮ ಬದಲಾಗಬೇಕಾಗಿಲ್ಲ.