ತೊಟ್ಟಿಲು ತಿರುಗಿಸುವ ಕೈಗೆ ತರಬೇತಿ ಬೇಡವೆ?

ಬಸ್ಸಿನಲ್ಲಿ ಟಿಕೆಟ್ ಕೊಡುವ ನಿರ್ವಾಹಕನಿಗೆ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಪರವಾನಗಿ ಬೇಕು. ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನಿಗೆ ಅರ್ಹತಾ ಪ್ರಮಾಣಪತ್ರ ಬೇಕು. ಕಟ್ಟಡಗಳ ಲಿಫ್ಟ್‌ಗೆ ಸಂಬಂಧಿಸಿದಂತೆ ಕರ್ನಾಟಕದಲ್ಲಿ 2012ರ ಪ್ರತ್ಯೇಕ ಕಾಯಿದೆಯೇ ಇದೆ. ಆದರೆ ಜಾತ್ರೆಯ ಮೈದಾನದಲ್ಲಿ ಹತ್ತಾರು ಮಂದಿಯನ್ನು ತೊಟ್ಟಿಲುಗಳಲ್ಲಿ ಕೂರಿಸಿ, ಅಡ್ಡಸರಳು ಹಾಕಿ, ಆಕಾಶಕ್ಕೆ ಏರಿಸಿ ಇಳಿಸುವ ಯುವಕನಿಂದ ಯಾವ ಪತ್ರವನ್ನೂ ಯಾರೂ ಕೇಳುವುದಿಲ್ಲ. ಮಕ್ಕಳನ್ನು ಅವನ ಕೈಗೆ ಒಪ್ಪಿಸುವ ತಂದೆತಾಯಿಗಳೂ ಕೇಳುವುದಿಲ್ಲ, ಜಾಗ ಬಾಡಿಗೆಗೆ ಕೊಟ್ಟವರೂ ಕೇಳುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ವಾಣಿಜ್ಯ ಸಮುದಾಯಕ್ಕೆ ಇದು ದೂರದ ವಿಷಯವಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆ, ಸಿರಿಗೆರೆಯ ತರಳಬಾಳು ಬೃಹನ್ಮಠವು ಪ್ರತಿ ವರ್ಷ ಒಂದೊಂದು ಊರಿನಲ್ಲಿ ಒಂಬತ್ತು ದಿನಗಳ ಕಾಲ ನಡೆಸುವ ತರಳಬಾಳು ಹುಣ್ಣಿಮೆ ಮಹೋತ್ಸವ, ಇವೆಲ್ಲ ಅಪಾರ ಜನ ಸೇರುವ ಸಂದರ್ಭಗಳು. ಜನ ಸೇರಿದಲ್ಲಿ ವ್ಯಾಪಾರ ಸೇರುತ್ತದೆ. ವ್ಯಾಪಾರದ ಜೊತೆಗೆ ತಿರುಗುವ ತೊಟ್ಟಿಲೂ ಕೊಲಂಬಸ್ ಹಡಗೂ ಬರುತ್ತವೆ.

ನಗರಗಳಲ್ಲಿ ಇದೇ ಮನರಂಜನೆ ಸಂಘಟಿತ ಉದ್ಯಮವಾಗಿ ಬೆಳೆದಿದೆ. ಮೈಸೂರಿನಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಪಾರ್ಕ್ ಆರಂಭವಾಯಿತು. ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಇಂಥ ಪಾರ್ಕ್‌ಗಳ ಪ್ರವೇಶ ಶುಲ್ಕದ ಮೇಲೆ ಶೇ. 28ರಷ್ಟಿದ್ದ ತೆರಿಗೆಯನ್ನು 2018ರ ಜನವರಿಯಲ್ಲಿ ಶೇ. 18ಕ್ಕೆ ಇಳಿಸಲಾಯಿತು. ತೆರಿಗೆಯ ಬಗ್ಗೆ ಉದ್ಯಮವು ನಡೆಸಿದಷ್ಟು ಚರ್ಚೆಯನ್ನು ಸಿಬ್ಬಂದಿಯ ತರಬೇತಿಯ ಬಗ್ಗೆಯೂ ನಡೆಸಬೇಕಾದ ಕಾಲ ಬಂದಿದೆ.

ಕೆಲಸದ ಸ್ವರೂಪ

ಉದ್ಯಮದಲ್ಲಿ ರೈಡ್ ಆಪರೇಟರ್ ಅಥವಾ ರೈಡ್ ಗೈಡ್ ಎಂದು ಕರೆಯಲಾಗುವ ಈ ನೌಕರನ ಕೆಲಸ ಗುಂಡಿ ಒತ್ತುವುದು ಮಾತ್ರ ಎಂಬ ಕಲ್ಪನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅವನ ದಿನ ಗ್ರಾಹಕರು ಬರುವ ಮೊದಲೇ ಆರಂಭವಾಗಬೇಕು. ಬೋಲ್ಟು, ಪಿನ್ನು, ಸರಳು, ಬೆಲ್ಟುಗಳನ್ನು ಪಟ್ಟಿಯ ಪ್ರಕಾರ ಪರಿಶೀಲಿಸಿ ಸಹಿ ಹಾಕಬೇಕು. ಯಂತ್ರವನ್ನು ಖಾಲಿಯಾಗಿ ಓಡಿಸಿ ಸದ್ದನ್ನು ಆಲಿಸಬೇಕು. ಗ್ರಾಹಕರು ಬಂದ ಮೇಲೆ ಮಕ್ಕಳ ಎತ್ತರ ಅಳೆಯಬೇಕು. ಗರ್ಭಿಣಿಯರನ್ನು, ಹೃದ್ರೋಗಿಗಳನ್ನು, ಕುಡಿದು ಬಂದವರನ್ನು ಗುರುತಿಸಿ ಸೌಜನ್ಯದಿಂದ ತಡೆಯಬೇಕು. ತೊಟ್ಟಿಲುಗಳಲ್ಲಿ ಭಾರ ಒಂದೇ ಕಡೆಗೆ ಬೀಳದಂತೆ ಜನರನ್ನು ಕೂರಿಸಬೇಕು. ಸೆರಗು, ದುಪಟ್ಟಾ, ಜಡೆಗಳು ಯಂತ್ರಕ್ಕೆ ಸಿಲುಕದಂತೆ ನೋಡಿಕೊಳ್ಳಬೇಕು. ವಿದ್ಯುತ್ ಕೈಕೊಟ್ಟಾಗ ಮೇಲೆ ಸಿಲುಕಿದವರನ್ನು ಗಾಬರಿಪಡಿಸದೆ ಒಬ್ಬೊಬ್ಬರನ್ನಾಗಿ ಇಳಿಸಬೇಕು. ಪ್ರಥಮ ಚಿಕಿತ್ಸೆಯ ಪರಿಚಯವೂ ಇರಬೇಕು.

ಇವುಗಳಲ್ಲಿ ಯಾವುದೂ ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಕಲಿಸಿದರೆ ಸಾಧಾರಣ ಓದಿನವರೂ ಕಲಿಯಬಲ್ಲರು. ಭಾರತೀಯ ಮಾನಕ ಸಂಸ್ಥೆಯು ಮನರಂಜನಾ ಯಂತ್ರಗಳ ಸುರಕ್ಷತೆಗಾಗಿ ಐಎಸ್ 15475 ಎಂಬ ಮಾನಕವನ್ನು ರೂಪಿಸಿದೆ. ಮಾನಕವು ಕಾಗದದಿಂದ ಮೈದಾನಕ್ಕೆ ಇಳಿಯಬೇಕಾದರೆ ಅದನ್ನು ಆಚರಿಸುವ ಕೈಗಳು ಬೇಕು.

ದುರಂತಗಳು ಕಲಿಸಿದ ಪಾಠ

ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕ್‌ನಲ್ಲಿ 2015ರ ಜೂನ್ 2ರಂದು 16 ಪ್ರಯಾಣಿಕರಿದ್ದ ರೈಡ್‌ನ ಗಾಡಿಯೊಂದು ಹಳಿಯ ಮೇಲೆ ನಿಂತಿದ್ದ ಖಾಲಿ ಗಾಡಿಗೆ ಡಿಕ್ಕಿ ಹೊಡೆಯಿತು. ಇಬ್ಬರು ಯುವತಿಯರು ತಲಾ ಒಂದು ಕಾಲನ್ನು ಕಳೆದುಕೊಂಡರು. ಮುಂದೆ ಅಡ್ಡಿಯಿದೆ ಎಂದು ಗಣಕಯಂತ್ರವು ರೈಡನ್ನು ತಡೆದಿತ್ತು. ಅದು ತಪ್ಪು ಸೂಚನೆ ಎಂದು ಭಾವಿಸಿದ ಸಿಬ್ಬಂದಿ ತಡೆಯನ್ನು ಮೀರಿ ಗಾಡಿಯನ್ನು ಬಿಟ್ಟರು. ಆದರೂ ಹೊಣೆಯನ್ನು ಕೆಳಹಂತದ ನೌಕರರ ತಲೆಗೆ ಕಟ್ಟಲಿಲ್ಲ. ಸರಿಯಾದ ಕಾರ್ಯವಿಧಾನವನ್ನು ಒದಗಿಸದ ಕಂಪನಿಗೆ 2016ರಲ್ಲಿ 50 ಲಕ್ಷ ಪೌಂಡ್ ದಂಡ ವಿಧಿಸಲಾಯಿತು.

ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ 2022ರ ಮಾರ್ಚ್‌ನಲ್ಲಿ 14 ವರ್ಷದ ಬಾಲಕನೊಬ್ಬ ಎತ್ತರದ ಗೋಪುರದ ರೈಡ್‌ನಿಂದ ಬಿದ್ದು ಸತ್ತನು. ತಯಾರಕರ ಕೈಪಿಡಿಯಲ್ಲಿ ಪ್ರಯಾಣಿಕನ ತೂಕದ ಮಿತಿ ಸುಮಾರು 130 ಕಿಲೋ ಎಂದಿತ್ತು; ಬಾಲಕನ ತೂಕ ಅದನ್ನು ಬಹಳವಾಗಿ ಮೀರಿತ್ತು. ಕೈಪಿಡಿಯಲ್ಲಿದ್ದ ಅಂಕಿ ಸರತಿಯ ಬಾಗಿಲಲ್ಲಿ ನಿಂತವನ ಬಾಯಿಗೆ ಬರಲಿಲ್ಲ. ನಮ್ಮ ದೇಶದಲ್ಲೇ, ಹರಿಯಾಣದ ಪಿಂಜೋರ್‌ನಲ್ಲಿ 2018ರ ಫೆಬ್ರವರಿಯಲ್ಲಿ ಗೋ-ಕಾರ್ಟ್‌ನ ಚಕ್ರಕ್ಕೆ ಕೂದಲು ಸಿಲುಕಿ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಅಹಮದಾಬಾದಿನ ಕಾಂಕರಿಯಾದಲ್ಲಿ 2019ರ ಜುಲೈ 14ರಂದು ರೈಡ್ ಮುರಿದು ಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಎಲ್ಲ ಅಪಘಾತಗಳನ್ನೂ ತರಬೇತಿಯಿಂದ ತಡೆಯಲಾಗದು. ಕಬ್ಬಿಣದ ದೋಷಕ್ಕೆ ಎಂಜಿನಿಯರೇ ಬೇಕು. ಆದರೆ ಗ್ರಾಹಕ ಮತ್ತು ಅಪಾಯದ ನಡುವೆ ಕೊನೆಯದಾಗಿ ನಿಲ್ಲುವವನು ರೈಡ್ ಗೈಡ್ ಎಂಬುದನ್ನು ಮರೆಯಲಾಗದು.

ಖರ್ಚಿನ ಲೆಕ್ಕ

ಮಾಲೀಕರ ಮೊದಲ ಆಕ್ಷೇಪಣೆ ಖರ್ಚಿನದು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ತರಬೇತಿಯ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ, ಆಯಾ ವರ್ಷದ ಖರ್ಚಿಗೇ ಬರೆಯಬೇಕು. ಈ ಕಾರಣದಿಂದ ತರಬೇತಿ ಎಂಬುದು ಮಾಲೀಕನ ಕಣ್ಣಿಗೆ ಸದಾ ನಷ್ಟದ ಕಡೆಯ ಬಾಬತ್ತಾಗಿಯೇ ಕಾಣುತ್ತದೆ. ಆದರೆ ಮೊತ್ತವೆಷ್ಟು? ಪಾರ್ಕೊಂದರಲ್ಲಿ 40 ಗೈಡುಗಳಿದ್ದು, ದಿನಕ್ಕೆ 600 ರೂ. ಕೂಲಿ ಕೊಟ್ಟು 15 ದಿನ ಕಲಿಸಿದರೆಂದು ಇಟ್ಟುಕೊಳ್ಳೋಣ. ಕೂಲಿಯ ಬಾಬ್ತು 3,60,000 ರೂ. ಆಗುತ್ತದೆ. ಟಿಕೆಟ್ಟಿನ ದರ ತೆರಿಗೆ ಬಿಟ್ಟು 500 ರೂ. ಎಂದಾದರೆ ಇದು 720 ಟಿಕೆಟ್‌ಗಳ ಹಣ. ಒಂದು ಅಪಘಾತದ ಪರಿಹಾರ, ಮೊಕದ್ದಮೆ ಮತ್ತು ಮುಚ್ಚಿದ ಬಾಗಿಲಿನ ಮುಂದೆ ಇದು ಯಾವ ಲೆಕ್ಕ?

ಸರ್ಕಾರದ ನೆರವಿಗೂ ದಾರಿಯಿದೆ. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ತಮ್ಮ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳಬೇಕೆಂದು 2019ರ ನಿಯಮಗಳ ತಿದ್ದುಪಡಿ ವಿಧಿಸಿದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯು ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂ. ಮಿತಿಯೊಳಗೆ, ಕೇಂದ್ರವೇ ಭರಿಸುವ ಏರ್ಪಾಡನ್ನು ತಂದಿತು.

ನಿಲ್ಲಿಸುವ ಅಧಿಕಾರ

ಖರ್ಚಿಗಿಂತ ಕಠಿಣವಾದ ಪ್ರಶ್ನೆ ಅಧಿಕಾರದ್ದು. ಜಾತ್ರೆಯ ಜಾಗ ಹರಾಜಿನಲ್ಲಿ ಹೋಗುತ್ತದೆ. ಹರಾಜು ಏರಿದಷ್ಟೂ ರೈಡ್‌ನ ಮಾಲೀಕನು ಅದೇ ಕೆಲವು ರಾತ್ರಿಗಳಲ್ಲಿ ಹೆಚ್ಚು ಸುತ್ತು ಹೊಡೆಸಬೇಕಾಗುತ್ತದೆ. ಸುತ್ತು ಹೆಚ್ಚಿದಂತೆ ಸರಳು ಪರೀಕ್ಷಿಸುವ ಸಮಯ ಕಡಿಮೆಯಾಗುತ್ತದೆ. ಸದ್ದು ಬದಲಾಗಿದೆ, ಯಂತ್ರ ನಿಲ್ಲಿಸೋಣ ಎಂದು ಹೇಳಿದ ಹುಡುಗನಿಗೆ ಆ ದಿನದ ಕೂಲಿ ತಪ್ಪುವುದಾದರೆ, ಅವನಿಗೆ ಎಷ್ಟು ಕಲಿಸಿದರೂ ಅವನು ಬಾಯಿ ತೆರೆಯಲಾರನು. ತರಬೇತಿಯ ಸಾರವೇ ‘ಇಲ್ಲ’ ಎನ್ನುವ ಧೈರ್ಯ. ಆ ಧೈರ್ಯಕ್ಕೆ ಮಾಲೀಕನ ಲಿಖಿತ ಬೆಂಬಲವೂ ಇರಬೇಕು.

ಇದಕ್ಕೆ ಪ್ರತಿಯಾಗಿ, ಊರೂರು ಅಲೆದು ಬದುಕುವ ತೊಟ್ಟಿಲಿನ ಕುಟುಂಬಗಳ ಹೊಟ್ಟೆಯ ಮೇಲೆ ಪ್ರಮಾಣಪತ್ರದ ಬರೆ ಎಳೆದಂತಾಗುವುದಿಲ್ಲವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಆ ಕುಟುಂಬಗಳಲ್ಲಿ ತಲೆಮಾರಿನ ಅನುಭವವಿದೆ. ಅವರನ್ನು ಹೊಸಬರಂತೆ ತಿಂಗಳುಗಟ್ಟಲೆ ಕೂರಿಸಬೇಕಾಗಿಲ್ಲ; ಇರುವ ಕೌಶಲವನ್ನು ಪರೀಕ್ಷಿಸಿ, ಕೊರತೆಯನ್ನು ಎರಡು ಮೂರು ದಿನಗಳಲ್ಲಿ ತುಂಬಿ, ಶುಲ್ಕವಿಲ್ಲದೆ ಪತ್ರ ಕೊಡಬಹುದು. ಪತ್ರವುಳ್ಳ ಕುಟುಂಬಕ್ಕೆ ಹರಾಜಿನಲ್ಲಿ ಆದ್ಯತೆ ದೊರೆತರೆ ಅದು ಅವರ ಪಾಲಿಗೆ ಬಂಡವಾಳವೇ ಆದೀತು.

ಸಿರಿಗೆರೆಯು ಶಿಕ್ಷಣಕ್ಕೆ ಹೆಸರಾದ ಊರು. ಇಲ್ಲಿ ಓದಿದ ಗ್ರಾಮೀಣ ಯುವಕ ಯುವತಿಯರು ಉದ್ಯೋಗ ಅರಸಿ ಹೆದ್ದಾರಿಯಲ್ಲಿ ಬೆಂಗಳೂರಿನ ಬಸ್ಸು ಹತ್ತುವುದು ನಿತ್ಯದ ದೃಶ್ಯ. ಜಿಲ್ಲೆಯ ವಾಣಿಜ್ಯ ಸಂಸ್ಥೆಗಳು, ವಿದ್ಯಾಸಂಸ್ಥೆಗಳು ಮತ್ತು ಪಾರ್ಕ್‌ಗಳ ಆಡಳಿತದವರು ಕೂಡಿ ಇಲ್ಲಿ ಮೂರು ವಾರಗಳ ಕಿರು ತರಬೇತಿಯೊಂದನ್ನು ಏರ್ಪಡಿಸಿದರೆ, ಅವರು ಕೈಯಲ್ಲಿ ಒಂದು ಕಸುಬು ಹಿಡಿದು ಬಸ್ಸು ಹತ್ತುವಂತಾಗುತ್ತದೆ. ಜಾತ್ರಾ ಸಮಿತಿಗಳು ಮುಂದಿನ ಹರಾಜಿನ ಷರತ್ತುಗಳಲ್ಲಿ ಎರಡು ಸಾಲು ಸೇರಿಸಲಿ: ಪ್ರತಿ ರೈಡ್‌ಗೆ ತರಬೇತಿ ಪಡೆದ ಒಬ್ಬನಾದರೂ ಇರತಕ್ಕದ್ದು, ಅವನು ನಿಲ್ಲಿಸೆಂದಾಗ ಯಂತ್ರ ನಿಲ್ಲತಕ್ಕದ್ದು. ಇದಕ್ಕಾಗಿ ಹೊಸ ಕಾಯಿದೆಯನ್ನು ಕಾಯಬೇಕಾಗಿಲ್ಲ. ಹರಾಜು ಕೂಗುವವರು ಮನಸ್ಸು ಮಾಡಿದರೆ ಸಾಕು.