ಮೊಣಕಾಲ ಮುಂದಿನ ಖಾಲಿ ಜಾಗ

ಅಕ್ಕನ ಮಗ ಫೋನ್ ಮಾಡಿದ್ದ. ‘ಮಾಮಾ, ಎಕ್ಸೆಲ್ ತೊಗೊಳ್ಲೋ, ಸ್ಪ್ಲೆಂಡರ್ ತೊಗೊಳ್ಲೋ?’ ಶಹಾಪುರ–ಸುರಪುರದ ನಡುವಿನ ಹಳ್ಳಿ ಅವನದು. ನಾಲ್ಕು ಎಕರೆ ಎರೆ ಹೊಲ, ಹತ್ತಿ, ತೊಗರಿ, ಎರಡು ಎಮ್ಮೆ. ಥಟ್ಟನೆ ಉತ್ತರ ಹೇಳಲಾಗಲಿಲ್ಲ. ಎರಡು ದಿನ ಬಿಟ್ಟು ಹೇಳ್ತೀನಿ ಅಂದೆ.

ಯಾದಗಿರಿ ಬಜಾರಿನಲ್ಲಿ ಮುಂಜಾನೆ ಅರ್ಧ ತಾಸು ನಿಂತರೆ ಟಿವಿಎಸ್ ಎಕ್ಸೆಲ್ ಮೊಪೆಡ್ ಪರವಾದ ವಾದವೆಲ್ಲ ಕಣ್ಣೆದುರೇ ಹಾದುಹೋಗುತ್ತದೆ. ಹಾಲಿನ ಕ್ಯಾನು, ಯೂರಿಯಾ ಚೀಲ, ಎಣ್ಣೆ ಹೊಡೆಯುವ ಪಂಪು, ಮೇವಿನ ಹೊರೆ, ಸವಾರನ ಕಾಲ ನಡುವೆ ಕಣ್ಣು ಪಿಳಿಪಿಳಿ ಬಿಡುವ ಆಡಿನ ಮರಿ. ಸೀಟಿಗೂ ಹ್ಯಾಂಡಲಿಗೂ ನಡುವೆ ಇರುವ ಆ ಖಾಲಿ ಜಾಗವೇ ಈ ಗಾಡಿಯ ಬಂಡವಾಳ. ಎತ್ತರದ ಟ್ಯಾಂಕು ಅಡ್ಡ ಇಲ್ಲದ್ದರಿಂದ ಸೀರೆ ಉಟ್ಟವರೂ ಧೋತರ ಉಟ್ಟ ಮುದುಕರೂ ಕಾಲು ಎತ್ತಿ ಹಾಯಿಸದೆ ಕೂರಬಹುದು. ಜಪಾನಿನ ಹೋಂಡಾ 1958ರಲ್ಲಿ ಸೂಪರ್ ಕಬ್ ಮಾಡಿದ್ದೂ ಇದೇ ಯೋಚನೆಯಿಂದ. 2017ರ ಹೊತ್ತಿಗೆ ಅದರ ಉತ್ಪಾದನೆ ಹತ್ತು ಕೋಟಿ ದಾಟಿತು. ಅದೇ ತಳಿಯ ಹೀರೋ ಹೋಂಡಾ ಸ್ಟ್ರೀಟ್ ತೊಂಬತ್ತರ ದಶಕದ ಕೊನೆಗೆ ನಮ್ಮಲ್ಲಿಗೆ ಬಂದು, ಬಂದಷ್ಟೇ ಬೇಗ ಹೋಯಿತು. ಗೇರಿದ್ದರೂ ಕ್ಲಚ್ ಹಿಡಿಕೆ ಇರದ ಆ ಗಾಡಿ ಬೈಕು ಬೇಕೆಂದವರಿಗೂ ಹಿಡಿಸಲಿಲ್ಲ, ಲೂನಾ ಮೊಪೆಡ್ ಸಾಕೆಂದವರಿಗೂ ದುಬಾರಿಯಾಯಿತು ಎಂದು ನನ್ನ ಅಂದಾಜು. ನಮ್ಮ ನೆಲದಲ್ಲಿ ಬೇರೂರಿದ್ದು 1972ರ ಲೂನಾ, 1980ರ ಟಿವಿಎಸ್ 50, ಅದರ ಮೊಮ್ಮಗನಂಥ ಈ ಎಕ್ಸೆಲ್ 100.

2015ರಲ್ಲಿ ಬಂದ ಈ ಗಾಡಿಗೆ 99.7 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ಕ್ಲಚ್ಚಿಲ್ಲ, ಗೇರಿಲ್ಲ, ಆಕ್ಸಿಲರೇಟರ್ ತಿರುವಿದರೆ ಹೊರಟಿತು. ತೂಕ ತೊಂಬತ್ತು ಕೆಜಿಯೊಳಗೆ. ಮಳೆಗಾಲದಲ್ಲಿ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಗಾಲಿ ಸಿಕ್ಕಿಕೊಂಡರೆ ಒಬ್ಬನೇ ಎತ್ತಿ ಆಚೆ ಇಡಬಹುದು. ಸ್ಪ್ಲೆಂಡರ್ ಬೈಕನ್ನು ಹಾಗೆ ಎತ್ತಿ ನೋಡಿ! ಗಾಲಿ ಹದಿನಾರು ಇಂಚಿನದು, ಸ್ಕೂಟರಿನಂತೆ ತಗ್ಗಿಗೆ ಮುಳುಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಬೆಲೆ ಐವತ್ತು ಸಾವಿರದ ಆಸುಪಾಸು.

ಇನ್ನು ಎದುರು ವಾದ. ಅದೂ ಆ ಖಾಲಿ ಜಾಗದಿಂದಲೇ ಶುರುವಾಗುತ್ತದೆ. ಅಲ್ಲಿ ಚೀಲ ಇಟ್ಟರೆ ಕಾಲಿಗೆ ಜಾಗವಿಲ್ಲ. ಎರಡೂ ಪಾದ ಹೊರಗೆ ಚಾಚಿ, ಮೊಣಕಾಲು ಅಗಲಿಸಿ ಹೋಗಬೇಕು. ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ. ಬೈಕಿನಲ್ಲಿ ತೊಡೆಯಿಂದ ಟ್ಯಾಂಕು ಅವುಚಿ ಹಿಡಿಯುವ ಭದ್ರತೆ ಇಲ್ಲಿ ಇಲ್ಲ. ಬ್ರೇಕು ಎರಡೂ ಡ್ರಮ್ಮು. ಹೊಲದ ದಾರಿಯಲ್ಲಿ ಇದಾವುದೂ ದೊಡ್ಡದಲ್ಲ. ಆದರೆ ಜೇವರ್ಗಿಯಿಂದ ಶಹಾಪುರ, ಸುರಪುರ ಹಾದು ಲಿಂಗಸುಗೂರಿನತ್ತ ಹೋಗುವ ಹೆದ್ದಾರಿ 150ಎ ಮೇಲೆ ಲಾರಿಗಳು ಹಿಂದಿನಿಂದ ಎಂಬತ್ತರಲ್ಲಿ ಬರುತ್ತವೆ, ಹೊರೆ ಹೊತ್ತ ಎಕ್ಸೆಲ್ ನಲವತ್ತರಲ್ಲಿ ಅಂಚಿಗೆ ತೂಗಾಡುತ್ತಿರುತ್ತದೆ. ಓವರ್‌ಟೇಕ್ ಮಾಡುವ ಕಸುವು ಅದರಲ್ಲಿಲ್ಲ. ಶಕ್ತಿ ಸ್ಪ್ಲೆಂಡರಿನ ಹೆಚ್ಚುಕಡಿಮೆ ಅರ್ಧ. ಭೀಮಾ ದಂಡೆಯ ಬಯಲಲ್ಲಿ ಒಂದೇ ಗೇರು ಸಾಕು. ಸುತ್ತ ಗುಡ್ಡಗಳಿರುವ ಸುರಪುರದ ಏರಿನಲ್ಲಿ ಇಬ್ಬರು ಕೂತು ಒಂದು ಚೀಲವಿದ್ದರೆ ಹಿಂದಿನವರು ಇಳಿದು ನಡೆಯಬೇಕಾದೀತು.

ಮಾರ್ಪಾಡಿನ ವಿಷಯಕ್ಕೆ ಬರೋಣ, ಗದ್ದಲ ಹೆಚ್ಚಿರುವುದು ಅಲ್ಲೇ. ಹಿಂದಿನ ಸೀಟನ್ನು ಕಂಪನಿಯೇ ಬಿಚ್ಚಲು ಬರುವಂತೆ ಮಾಡಿದೆ. ಬಿಚ್ಚಿದ ಜಾಗದಲ್ಲಿ ನಟ್ಟು ಬೋಲ್ಟಿನಿಂದ ಕೂರುವ, ಕ್ಯಾನು ನೇತುಹಾಕುವ ಕ್ಯಾರಿಯರ್ ಹಾಕಿಸಿಕೊಂಡವನನ್ನು ನಾನು ಬೈಯಲಾರೆ, ಅವನ ಹೊಟ್ಟೆಪಾಡು ಅದು. ಆದರೆ ವೆಲ್ಡಿಂಗ್ ಅಂಗಡಿಯಲ್ಲಿ ಚಾಸಿಗೇ ಕಬ್ಬಿಣದ ಆಂಗಲ್ ಬೆಸೆದು, ಸೈಲೆನ್ಸರ್ ಕೊರೆದು, ಹಿಂದಿನ ಶಾಕ್‌ಅಬ್ಸಾರ್ಬರ್ ಬಿಚ್ಚಿ ಯಾವುದೋ ಬೈಕಿನದನ್ನು ಕೂರಿಸುವುದು ಬೇರೆ ಮಾತು. ಬೆಸೆದ ಜಾಗದ ಪಕ್ಕದಲ್ಲೇ ಕೊಳವೆ ಬಿರಿಯುತ್ತದೆ. ನಾನು ಕೊಂಡ ಒಂದು ಹಳೆಯ ಗಾಡಿ ಹಾಗೆಯೇ ಹ್ಯಾಂಡಲ್ ಬುಡದಲ್ಲಿ ಬಾಯಿ ಬಿಟ್ಟಿತ್ತು, ಮೇಲೆ ಬಣ್ಣ ಬಳಿದು ಮಾರಿದ್ದರು. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷದ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ ಪ್ರಕಾರ ಇಂಥ ಮಾರ್ಪಾಡು ಒಂದೊಂದಕ್ಕೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ಹಳೆಯ ಟೂ ಸ್ಟ್ರೋಕ್ ಎಕ್ಸೆಲ್ ಸೂಪರ್ ಅಗ್ಗಕ್ಕೆ ಸಿಗುತ್ತದೆಂದು ಆಸೆ ಹುಟ್ಟಿಸುವವರಿದ್ದಾರೆ. ಅದರ ಗುಣವೂ ಸುಳ್ಳಲ್ಲ: ಕಾರ್ಬುರೇಟರ್ ಕಟ್ಟಿಕೊಂಡರೆ ಹಳ್ಳಿಯ ಮೆಕ್ಯಾನಿಕ್ ಬಾಯಿಂದ ಊದಿಯೇ ಸರಿಮಾಡುತ್ತಿದ್ದ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗೆ ಇಂಧನ ಇಂಜೆಕ್ಷನ್. ಕೆಟ್ಟರೆ ಷೋರೂಮಿಗೇ ಒಯ್ಯಬೇಕು. ಆದರೂ ಹೊಗೆ ಉಗುಳುತ್ತ, ಪೆಟ್ರೋಲಿಗೆ ಆಯಿಲ್ ಬೆರೆಸಿಕೊಂಡು, ಬಿಡಿಭಾಗಕ್ಕೆ ಅಲೆಸುವ ಹಳೆಯದಕ್ಕಿಂತ ನನ್ನ ಮತ ಹೊಸದಕ್ಕೇ.

ಇನ್ನೊಂದು ತಪ್ಪು ತಿಳಿವಳಿಕೆ: ಲೂನಾ ತಾನೇ ಎಂದು ಎಂಟನೇ ತರಗತಿ ಹುಡುಗರ ಕೈಗೂ ಕೀಲಿ ಕೊಡುತ್ತಾರೆ. ಹದಿನಾರಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿಯ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ಎಕ್ಸೆಲ್ 100 ಸಿಸಿಯದು. ಹದಿನೆಂಟು ತುಂಬಲೇಬೇಕು.

ದೂರದ ಪಯಣ? ಎಕ್ಸೆಲ್ ಮೇಲೆ ಲಡಾಖಿಗೆ ಹೋಗಿಬಂದ ಹುಡುಗರಿದ್ದಾರೆ, ಭೇಷ್. ಅವರಿಗೆ ಅವಸರವಿರಲಿಲ್ಲ, ಕಾಲಡಿ ಯೂರಿಯಾ ಚೀಲವೂ ಇರಲಿಲ್ಲ. ನಾನೂ ಒಮ್ಮೆ ಯಾದಗಿರಿಯಿಂದ ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡಿ, ಸುರಪುರ ದಾಟಿ ತಿಂಥಣಿ ಮೌನೇಶ್ವರನ ಗುಡಿಯ ತನಕ, ಕೃಷ್ಣೆಯ ದಂಡೆಗೆ ಹೋಗಿದ್ದೆ. ನಾಲ್ಕು ಲೀಟರಿನ ಟ್ಯಾಂಕು ಆ ದಿನಕ್ಕೆ ಸಾಕಾಯಿತು. ಸೊಂಟಕ್ಕೆ ಮಾತ್ರ ಸಾಕೋ ಸಾಕಾಯಿತು. ಎಲ್ಲಿ ಬೇಕಾದರೂ ನಿಲ್ಲಿಸಿ, ತೊಗರಿ ಹೊಲದ ಬದುವಿನಲ್ಲಿ ಕುಳಿತು ಬುತ್ತಿ ಬಿಚ್ಚಿದ ಸುಖ ಬೈಕಿನಲ್ಲಿ ಸಿಗುತ್ತಿತ್ತೋ ಇಲ್ಲವೋ. ಆದರೆ ಹಿಂದಿನ ಸೀಟಿನಲ್ಲಿ ಹೆಂಡತಿ, ನಡುವೆ ಮಗು ಇದ್ದಿದ್ದರೆ ಆ ಹೆದ್ದಾರಿಗೆ ಇಳಿಯುತ್ತಿರಲಿಲ್ಲ.

ಎರಡು ದಿನದ ಮೇಲೆ ಅಕ್ಕನ ಮಗನಿಗೆ ಹೇಳಿದ್ದು ಇಷ್ಟು: ದಿನಕ್ಕೆ ಹತ್ತು ಸಲ ಹೊಲ–ಮನೆ–ಡೇರಿ ಅಂದ್ರ ಎಕ್ಸೆಲ್ ತಗೋ, ಹೊಸದೇ ತಗೋ, ಕ್ಯಾರಿಯರ್ ಬೋಲ್ಟಿನದು ಹಾಕ್ಸು, ಹೆಲ್ಮೆಟ್ ಅದರ ಜೊತಿಗೇ ಕೊಳ್ಳು. ಯಾದಗಿರಿಗೆ ಮದುವಿಗೆ ಬರೋದಿದ್ರ ಬಸ್ ಅದ, ಹೆಂಡ್ತಿ ಮಕ್ಕಳನ್ನ ಅದರಾಗ ಕರ್ಕೊಂಡು ಬಾ.